ಮೆಟ್ಟಿಲ ಕೆಳಗೆ

ಲಗ್ಗೆರೆಯ ಈ ಶಾಲೆಯಲ್ಲಿ ನನಗೆ ಸಿಕ್ಕಿದ್ದು
ಮೆಟ್ಟಿಲ ಕೆಳಗಿನ ಕೋಣೆ.
ಮೊದಲು ಆಟದ ಸಾಮಾನು ಇಡುತ್ತಿದ್ದರಂತೆ.
ಗಾಳಿ ಹೋದ ವಾಲಿಬಾಲೊಂದು ಈಗಲೂ ಮೂಲೆಯಲ್ಲಿದೆ,
ಗೆರೆ ಎಳೆಯುವ ಸುಣ್ಣದ ವಾಸನೆಯೂ.
ಈ ಕಡೆ ನೆಟ್ಟಗೆ ನಿಲ್ಲಬಹುದು,
ಆ ಕಡೆ ತಲೆ ತಗ್ಗಿಸಬೇಕು.
ಮಕ್ಕಳು ಯಾಕೋ ತಗ್ಗಿದ ಕಡೆಗೇ ಹೋಗಿ ಕೂರುತ್ತವೆ.

ಬಾಗಿಲಿಗೆ ‘ಆಪ್ತ ಸಮಾಲೋಚಕಿ’ ಎಂದು ಬರೆಸಿದ್ದರು.
ಒಂದೇ ಮಳೆಗಾಲಕ್ಕೆ ಒತ್ತಕ್ಷರ ಉದುರಿಹೋಯಿತು.
ಆರನೇ ಕ್ಲಾಸಿನ ನೂರೈನ್ ಉಳಿದದ್ದನ್ನು ಉಳಿದಂತೆ ಓದಿ
‘ಆಪಾ’ ಅಂದಳು, ಅಕ್ಕನನ್ನು ಕರೆದ ಹಾಗೆ.
ಪೇಂಟರಿಗೆ ಹೇಳಿದ್ದೆ, ಮತ್ತೆ ಫೋನು ಮಾಡಿ
ಬೇಡಪ್ಪಾ ಬಿಡು ಅಂದೆ.

ಬೆಲ್ಲು ಹೊಡೆದರೆ ಇಡೀ ಶಾಲೆ ನನ್ನ ನೆತ್ತಿಯ ಮೇಲೆ ಇಳಿಯುತ್ತದೆ.
ಓಡುವ ಕಾಲು, ಎರಡೆರಡು ಮೆಟ್ಟಿಲು ಹಾರುವ ಕಾಲು,
ಅಣ್ಣನ ದೊಡ್ಡ ಬೂಟಿನೊಳಗೆ ಲೊಟಗುಟ್ಟುವ ಕಾಲು.
ನಿಂತುಬಿಡುವ ಕಾಲಿನ ಸದ್ದು ಕೇಳಿಸಿಕೊಳ್ಳಲು
ನನಗೆ ಎರಡು ವರ್ಷ ಹಿಡಿಯಿತು.

ಹುಲಗಪ್ಪ ಒಂಬತ್ತು ಮಂಗಳವಾರ ಬಂದ.
ಅವನಪ್ಪನ ಮೂರು ಬೆರಳು ಪೀಣ್ಯದ ಪ್ರೆಸ್ ಮಷೀನಿಗೆ ಹೋಗಿದ್ದವು.
ಅದನ್ನು ಹೇಳಿದ್ದು ಅವನಲ್ಲ, ಅವನ ಕ್ಲಾಸ್ ಮಿಸ್ಸು.
ಅವನು ಪೆನ್ಸಿಲ್ ಹೆರೆದ. ಬರೀ ಹೆರೆದ.
ಡಬ್ಬಿಯಲ್ಲಿದ್ದವೆಲ್ಲ ಮುಗಿದರೆ ಮುರಿದು ಮತ್ತೆ ಹೆರೆದ.
ಹತ್ತನೇ ಮಂಗಳವಾರ ಬಾಯಿಬಿಟ್ಟ:
‘ಮಿಸ್, ನಿಮ್ ಶಾರ್ಪನರ್ ಬ್ಲೇಡು ಮೊಂಡು ಆಗೇದ್ರಿ.’
ಮುಂದಿನ ವಾರ ಹೊಸದೊಂದು ತಂದು ಮೇಜಿನ ಮೇಲಿಟ್ಟ, ಹಸಿರುದು.
ದಸರೆ ಕಳೆದ ಮೇಲೆ ಟೀಸಿ ತಗೊಂಡು
ಮನೆಯವರೆಲ್ಲ ಹೊಸೂರಿಗೆ ಹೋದರು ಅಂತ ಕೇಳಿದೆ.

ಮಾರ್ಚಿನಲ್ಲಿ ಒಂದು ನಮೂನೆ ತುಂಬಬೇಕು.
ಕಾಲಂ ನಾಲ್ಕು: ಬಗೆಹರಿದ ಸಮಸ್ಯೆಗಳ ಸಂಖ್ಯೆ.
ಹುಲಗಪ್ಪ ಒಂದೋ, ಸೊನ್ನೆಯೋ?
ಜಾಲಹಳ್ಳಿಯ ಶಾಲೆಯ ಫಿಲೋಮಿನಾಗೆ ಫೋನು ಮಾಡಿದರೆ
‘ನಾನು ಪ್ರತಿವರ್ಷ ಹದಿನೇಳು ಅಂತ ಹಾಕ್ತೀನಿ ಕಣೇ,
ಗುಂಡಗೆ ಇಲ್ದಿದ್ರೆ ನಂಬ್ತಾರೆ’ ಅಂದಳು.
ಅವಳ ಕೋಣೆ ನೀರಿನ ಮೋಟಾರಿನ ಪಕ್ಕ.
ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ
ಸ್ವಲ್ಪ ಹೊತ್ತು ಫೋನು ಇಡಲಿಲ್ಲ.

ತೇಜಾವತಿಯ ಮನೆಗೆ ನಾಲ್ಕು ಸಲ ಹೋಗಿದ್ದೆ.
ಐದನೇ ಸಲ ಬಾಗಿಲಿಗೆ ಬೀಗ.
ಪಕ್ಕದ ಮನೆಯಾಕೆ ಕೈಯಲ್ಲಿ ತಾಳಿಯ ಆಕಾರ ಮಾಡಿ ತೋರಿಸಿದಳು.
ಒಂಬತ್ತನೇ ಕ್ಲಾಸು.
ಸಹಾಯವಾಣಿಗೆ ತಿಳಿಸಿದೆ, ದೂರು ಬರೆದೆ, ಸಹಿ ಹಾಕಿದೆ,
ವಾಪಸ್ಸು ಬರುವ ಬಸ್ಸಿನಲ್ಲಿ ಇನ್ನೊಂದು ಪತ್ರ ಬರೆದೆ:
ನನ್ನ ರಾಜೀನಾಮೆ.
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಷ್ಟು ಹೊತ್ತು
ಅಕ್ಷರ ದುಂಡಗೆ ಬಂದಿತ್ತು.

ಮರುದಿನ ಬೇಗ ಬಂದೆ. ಆಯಾ ಮುನಿಲಕ್ಷ್ಮಮ್ಮ ಗುಡಿಸುತ್ತಿದ್ದಳು.
ನನ್ನ ಮುಖ ನೋಡಿದಳೋ ಇಲ್ಲವೋ,
ಪೊರಕೆಗೆ ಹೇಳಿದಂತೆ ಹೇಳಿದಳು:
‘ಆಫೀಸ್ನಾಗೆ ಪೇಪರ್ರು, ಸ್ಟಾಫ್ ರೂಮ್ನಾಗೆ ಟೀ ಲೋಟ,
ನಿಮ್ ರೂಮ್ನಾಗೆ ದಿನಾ ಒಂದು ಮೊರ ಪೆನ್ಸಿಲ್ ಹೊಟ್ಟು ಕಣಮ್ಮೋ.
ಎಷ್ಟ್ ಮಕ್ಳು ಬಂದ್ ಕೂತಿದ್ರು ಅಂತ
ಗುಡ್ಸೋಳ್ಗೆ ಗೊತ್ತಾಗ್ತದೆ.’

ಹಾಗಂತ ಏನೂ ಬದಲಾಗಲಿಲ್ಲ.
ಕಾಲಂ ನಾಲ್ಕು ಖಾಲಿ ಬಿಟ್ಟೆ,
ಹೆಡ್‌ಮಾಸ್ಟರು ಕೆಂಪು ಇಂಕಿನಲ್ಲಿ ಸುತ್ತು ಹಾಕಿದರು.
ತೇಜಾವತಿಯ ಕೇಸು ಇನ್ನೂ ನಡೆಯುತ್ತಿದೆ, ತಿಂಗಳಿಗೊಮ್ಮೆ ಹೋಗುತ್ತೇನೆ.
ರಾಜೀನಾಮೆ ಹರಿದು ಹಾಕಿಲ್ಲ, ಬ್ಯಾಗಿನಲ್ಲೇ ಇದೆ.
ಅದರ ಬೆನ್ನಿಗೆ ನೂರೈನ್ ಕೇಳದೆ ಒಂದು ಆನೆ ಬರೆದಿದ್ದಾಳೆ,
ಐದು ಕಾಲಿನದು. ಒಂದು ಸೊಂಡಿಲಿರಬೇಕು.
ಅದನ್ನೀಗ ಯಾರಿಗೂ ಕೊಡುವ ಹಾಗಿಲ್ಲ.

ಮೂರು ದಿನದಿಂದ ನೋಡುತ್ತಿದ್ದೇನೆ, ಅಂದರೆ ಕೇಳುತ್ತಿದ್ದೇನೆ:
ಎಲ್ಲರೂ ಇಳಿದುಹೋದ ಮೇಲೆ
ಒಂಬತ್ತನೇ ಮೆಟ್ಟಿಲಲ್ಲಿ ಯಾರೋ ನಿಲ್ಲುತ್ತಾರೆ,
ಸರಿಯಾಗಿ ನನ್ನ ತಲೆಯ ಮೇಲೆ.
ನಾನು ಹೊರಗೆ ಹೋಗಿ ಇಣುಕುವುದಿಲ್ಲ.
ಕುರ್ಚಿಯನ್ನು ತಗ್ಗಿದ ಕಡೆಗೆ ಸರಿಸಿ,
ಹಸಿರು ಶಾರ್ಪನರನ್ನು ಮೇಜಿನ ಅಂಚಿಗಿಟ್ಟು,
ಬಾಗಿಲನ್ನು ಅರ್ಧ ತೆಗೆದಿದ್ದೇನೆ.